ಗುರುಪಾದಯ್ಯನ ಹೆಬ್ಬೆಟ್ಟು

ಸೊಲ್ಲಾಪುರ ರಸ್ತೆಯಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ ಗುರುಪಾದಯ್ಯನಿಗೆ ನಲವತ್ತೊಂಬತ್ತು ತುಂಬಿದ ವರ್ಷ ಹತ್ತಿರದ ಅಕ್ಷರ ಕಾಣುವುದು ನಿಂತಿತು. ದೂರದ್ದಕ್ಕೆ ಏನೂ ತೊಂದರೆ ಇರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು, ಓಡುವ ಲಾರಿಯ ಬೆನ್ನಿನ ಮೇಲೆ ಬರೆಸಿದ ಡ್ರೈವರನ ಮಕ್ಕಳ ಹೆಸರುಗಳನ್ನು ಒಂದೂ ಬಿಡದೆ ಓದುತ್ತಿದ್ದ. ಕೈಯಲ್ಲಿ ಹಿಡಿದ ಕಾಗದ ಮಾತ್ರ ಮಬ್ಬು ಮಬ್ಬು. ಕಣ್ಣಿನ ಡಾಕ್ಟರು ಪರೀಕ್ಷಿಸಿ ಓದುವ ಕನ್ನಡಕಕ್ಕೆ ಚೀಟಿ ಬರೆದುಕೊಟ್ಟರು. ಆತ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟ. ಅಂಗಿ ಒಗೆಯಲು ಹೋಯಿತು, ಚೀಟಿಯೂ ಜೊತೆಗೆ ಹೋಯಿತು. ಹೋದದ್ದಕ್ಕೆ ಆತ ದುಃಖಪಡಲಿಲ್ಲ.

ಇದಕ್ಕೆ ಕಾರಣ ಪಕ್ಕದ ಗ್ಯಾರೇಜಿನ ಮುನಾಫ. ಇಬ್ಬರೂ ಒಂದೇ ವಾರಿಗೆಯವರು. ಮುನಾಫ ಕನ್ನಡಕ ಹಾಕಿಕೊಂಡು ಗ್ಯಾರೇಜು ತೆರೆದ ಮೊದಲ ದಿನವೇ ಮಧ್ಯಾಹ್ನದೊಳಗೆ ಮೂವರು ಗಿರಾಕಿಗಳು ಅವನನ್ನು "ಕಾಕಾ" ಎಂದರು. ನಾಲ್ಕನೆಯವನು "ಅಜ್ಜಾ" ಎಂದ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಮೀಸೆಗೆ ಕಪ್ಪು ಹಚ್ಚುವ ಗುರುಪಾದಯ್ಯನಿಗೆ ಅಷ್ಟು ಸಾಕಾಯಿತು. ಕೆಲಸಕ್ಕೇನು, ತಾಮ್ರದ ತಂತಿಯ ಸುತ್ತು ಬೆರಳಿಗೇ ಗೊತ್ತಿತ್ತು. ಓದುವ ಪ್ರಸಂಗ ಬಂದರೆ "ಕಣ್ಣಾಗ ಧೂಳ ಬಿದ್ದೈತಿ, ನೀವಽ ಓದ್ರಿ" ಎನ್ನುತ್ತಿದ್ದ. ವಿಜಯಪುರದ ಧೂಳನ್ನು ಯಾರೂ ಅನುಮಾನಿಸುವುದಿಲ್ಲವಾದ್ದರಿಂದ ಎರಡು ವರ್ಷ ಅದು ಅವನ ಮಾನ ಕಾಯಿತು.

ಆಮೇಲೆ ಮಗಳ ಶಾಲೆಯಲ್ಲಿ ವಾಟ್ಸಾಪ್ ಬಳಗ ಹುಟ್ಟಿತು.

ಮಗಳು ಸೌಭಾಗ್ಯ ತೊರವಿ ಕಡೆಯ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದಳು. ಅಲ್ಲಿಯ ವಿಜ್ಞಾನ ಶಿಕ್ಷಕಿ ಸುಮಂಗಲಾ ಒಂದು ವಿಚಿತ್ರ ಗಮನಿಸಿದ್ದರು. ವಿದ್ಯಾರ್ಥಿವೇತನದ ಪರೀಕ್ಷೆ ಇದೆ ಎಂಬ ಸುದ್ದಿ ನಗರದ ಮಕ್ಕಳಿಗೆ ಒಂದು ತಿಂಗಳು ಮೊದಲು ತಿಳಿಯುತ್ತಿತ್ತು. ಟಿಕೋಟಾ, ಬಬಲೇಶ್ವರದ ಹಳ್ಳಿಗಳ ಮಕ್ಕಳಿಗೆ ಅರ್ಜಿಯ ಕಡೆಯ ದಿನ ಮುಗಿದ ಮರುದಿನ ತಿಳಿಯುತ್ತಿತ್ತು. ಅದಕ್ಕೆ ಅವರು ಮೂರೂ ಕಡೆಯ ಶಾಲೆಗಳ ಶಿಕ್ಷಕರು, ಮಕ್ಕಳು, ಪಾಲಕರು ಎಲ್ಲರನ್ನೂ ಸೇರಿಸಿ "ಸಾಲಿ–ಮನಿ ಬಳಗ" ಎಂದು ಒಂದು ಗುಂಪು ಮಾಡಿದರು. ನಾಲ್ಕುನೂರ ಹನ್ನೆರಡು ಜನ ಸೇರಿದರು. ಮೊದಲ ವಾರ ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ.

ಎಂಟನೆಯ ದಿನ ಮುಖ್ಯೋಪಾಧ್ಯಾಯ ಸಿದ್ದಲಿಂಗೇಶ ಮಾಸ್ತರರ ಧ್ವನಿ ಗುಂಪಿನಲ್ಲಿ ಗುಡುಗಿತು: "ನೋಡಿನೂ ಸುಮ್ಮನ ಕುಂದ್ರೋ ಪಾಲಕರು ಯಾರ‍್ಯಾರು ಅಂತ ನನಗ ಇಲ್ಲಿ ಕಾಣಾಕತ್ತೈತಿ. ಬರಿಯಾಕ ಆಗದಿದ್ರ ಹೆಬ್ಬೆಟ್ಟಾದ್ರೂ ಒತ್ರಿ!"

ಗುರುಪಾದಯ್ಯನಿಗೆ ದಾರಿ ಸಿಕ್ಕಿತು. ಹೆಬ್ಬೆಟ್ಟಿನ ಚಿತ್ರ ಒತ್ತುವುದನ್ನು ಮಗಳಿಂದ ಕಲಿತುಕೊಂಡ. ಅಂದಿನಿಂದ ಫೋನು ಟಿಣ್ ಎಂದರೆ ಸಾಕು, ಕೈಯಲ್ಲಿದ್ದ ಮೋಟರು ಬಿಟ್ಟು ಒತ್ತುತ್ತಿದ್ದ. ಓದುವ ಗೋಜಿಗೆ ಹೋಗಲಿಲ್ಲ. ಶಾಲೆಯವರು ಒಳ್ಳೆಯದನ್ನೇ ಬರೆದಿರುತ್ತಾರೆ, ಒಳ್ಳೆಯದಕ್ಕೆ ಒಪ್ಪಿಗೆ ಕೊಡುವುದರಲ್ಲಿ ತಪ್ಪೇನು ಎಂಬುದು ಅವನ ವಿಚಾರ.

ಒಂದೇ ತಿಂಗಳಲ್ಲಿ ಆತ ಮೂರು ಊರಿಗೆ ಪ್ರಸಿದ್ಧನಾದ. ಯಾವ ಸಂದೇಶಕ್ಕೂ ಮೊದಲ ಹೆಬ್ಬೆಟ್ಟು ಗುರುಪಾದಯ್ಯನದೇ. ಮಗಳನ್ನು ಬಿಡಲು ಹೋದಾಗ ಸುಮಂಗಲಾ ಟೀಚರು ಗೇಟಿನವರೆಗೆ ಬಂದು, "ನಿಮ್ಮಂಥಾ ಪಾಲಕರು ಇನ್ನೊಂದಿಪ್ಪತ್ತು ಮಂದಿ ಇದ್ರ ಸಾಕ್ರಿ" ಎಂದರು.

ಮುನಾಫನಿಗೆ ಮಾತ್ರ ಅನುಮಾನ. ಅವನ ಮಗ ಅತೀಕನೂ ಅದೇ ತರಗತಿ. "ಅಲ್ಲೋ, ನಾ ಕನ್ನಡಕ ಹಾಕ್ಕೊಂಡು ಒಂದ ಸಾಲ ಓದೂದ್ರೊಳಗ ನೀ ಒತ್ತಿ ಬಿಟ್ಟಿರ್ತಿ. ಹೆಂಗ ಓದ್ತೀ ಮಾರಾಯಾ?"

"ರೂಢಿ," ಎಂದ ಗುರುಪಾದಯ್ಯ ಗಂಭೀರವಾಗಿ. "ಶಿಕ್ಷಣದ ಮ್ಯಾಲೆ ಪ್ರೀತಿ ಇದ್ರ ಕಣ್ಣು ತಾನಾಗೇ ಓಡ್ತಾವು."

ಅಕ್ಟೋಬರಿನ ಒಂದು ಸೋಮವಾರ ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಪಡಸಾಲೆಯಲ್ಲಿ ಒಂದು ಟ್ರಂಕು, ಒಂದು ಚೀಲ ಶೇಂಗಾ, ಅರವತ್ತೈದರ ಒಬ್ಬ ಮುದುಕಿ ಮತ್ತು ಹದಿಮೂರರ ಒಬ್ಬ ಹುಡುಗಿ ಕೂತಿದ್ದರು.

"ಬರ್ರಿ ಯಪ್ಪಾ, ಒಳಗ ಬರ್ರಿ," ಎಂದು ಮುದುಕಿ ಅವನನ್ನು ಅವನದೇ ಮನೆಯೊಳಕ್ಕೆ ಕರೆದಳು. "ನಾ ಪರಸವ್ವ, ಕಳ್ಳಕವಟಗಿಯಾಕಿ. ಇಕಿ ನನ್ನ ಮೊಮ್ಮಗಳು ವಿಶಾಖಾ. ನೀವು ಹೆಬ್ಬೆಟ್ಟ ಒತ್ತಿದ್ರಿ ನೋಡ್ರಿ, ಅದಕ್ಕ ಬಂದೇವಿ."

ಹೆಬ್ಬೆಟ್ಟು ಒತ್ತಿದ್ದಕ್ಕೆ ಜನ ಮನೆಗೆ ಬರುವುದನ್ನು ಗುರುಪಾದಯ್ಯ ಅದುವರೆಗೆ ಹೊಲದ ವ್ಯಾಜ್ಯದಲ್ಲಷ್ಟೇ ಕಂಡಿದ್ದ. ಆದರೂ ಮುಖದಲ್ಲಿ ತೋರಗೊಡದೆ, "ಒತ್ತೇನಿ, ಒತ್ತೇನಿ. ಒತ್ತದ ಬಿಡ್ತೇನೇನು?" ಎಂದ.

"ಪರೀಕ್ಷಾದ ಪಾಠಕ್ಕ ಹತ್ತ ದಿನ ಸಿಟ್ಯಾಗ ಇರಬೇಕು, ಯಾರಾದ್ರೂ ಮನ್ಯಾಗ ಹುಡುಗಿಗೆ ಜಾಗಾ ಕೊಡ್ತೀರೇನು ಅಂತ ಟೀಚರು ಕೇಳಿದ್ರಂತ. ನನ್ನ ಮಗ ಪ್ರತಾಪ, ಸೊಸಿ ಇಬ್ಬರೂ ದ್ರಾಕ್ಷಿ ತ್ವಾಟದಾಗ ಕತ್ತರಿ ಹಿಡದು ನಿಂತಾರ, ಈಗ ಬಿಟ್ಟು ಬರಂಗಿಲ್ಲ. ನಾಕುನೂರು ಮಂದ್ಯಾಗ ನಿಮ್ಮದೊಂದಽ ಹೆಬ್ಬೆಟ್ಟು ಯಪ್ಪಾ! ನಮ್ಮೂರಾಗೆಲ್ಲಾ ನಿಮ್ಮದಽ ಮಾತು."

ಹೀಗೆ ತನ್ನ ಔದಾರ್ಯದ ಸುದ್ದಿ ಗುರುಪಾದಯ್ಯನಿಗೆ ಎಲ್ಲರಿಗಿಂತ ಕಡೆಗೆ ತಲುಪಿತು. ಆತ ಮೆಲ್ಲಗೆ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಹೆಂಡತಿ ಅಕ್ಕನಾಗಮ್ಮ ಚಹಾ ತಂದಳು, ಕೊಟ್ಟಳು, ಒಳಗೆ ಹೋದಳು. ಒಂದು ಮಾತಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಮಾತಿಗೆ ಉತ್ತರ ಕೊಡುವುದನ್ನು ಆತ ಕಲಿತಿದ್ದ, ಮೌನಕ್ಕೆ ಇನ್ನೂ ಕಲಿತಿರಲಿಲ್ಲ.

ಮನೆಯಲ್ಲಿ ಮೌನವಾಗಿ ಇರದವಳೆಂದರೆ ಸೋದರತ್ತೆ ಸತ್ಯವ್ವ. ವಯಸ್ಸು ಎಪ್ಪತ್ತೆಂಟು. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೂಲೆಯ ಮಂಚದ ಮೇಲಿಂದ, "ಯಾವ ಪೈಕಿ ಬೇ ನೀವು?" ಎಂದು ಕೇಳಿದಳು.

"ನಾವು ಬೌದ್ಧರು," ಎಂದಳು ಪರಸವ್ವ, ಊರ ಹೆಸರು ಹೇಳಿದಷ್ಟೇ ಸರಳವಾಗಿ.

ಸತ್ಯವ್ವ ಇದನ್ನು ಸ್ವಲ್ಪ ಹೊತ್ತು ಅಗಿದಳು. "ಊರಾಗ ಮನಿ ಎಲ್ಲಿ ಬರ್ತೈತಿ?"

"ಅಂಬೇಡ್ಕರ ಓಣ್ಯಾಗ."

ಸತ್ಯವ್ವನ ಕೈಯಲ್ಲಿದ್ದ ಚಹಾದ ಬಟ್ಟಲು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಪರಸವ್ವ ಟಿಕೋಟಾದ ಬಸ್ಸು ಹಿಡಿಯಲು ಹೋದ ಮೇಲೆ ಬಟ್ಟಲು ಕೆಳಗಿಟ್ಟು, "ನಾಳಿಂದ ನಂದು ವ್ರತ," ಎಂದು ಸಾರಿದಳು. "ಅಡಗಿ ಮನೀದು ಏನೂ ಮುಟ್ಟಂಗಿಲ್ಲ. ಬರೇ ಬಾಳೆಹಣ್ಣು."

"ಎಷ್ಟ ದಿನದ ವ್ರತ ಅತ್ತಿ?" ಎಂದು ಕೇಳಿದ ಗುರುಪಾದಯ್ಯ.

"ಹತ್ತ ದಿನದ್ದು."

ವಿಶಾಖಾ ಟ್ರಂಕಿನಿಂದ ಪುಸ್ತಕ ತೆಗೆಯುತ್ತಿದ್ದಳು. ಆ ಮಾತು ಕೇಳಿಸಿತೋ ಇಲ್ಲವೋ, ಕೇಳಿಸಿದರೆ ಅರ್ಥವಾಯಿತೋ ಇಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ. ಸೌಭಾಗ್ಯಳ ಪಕ್ಕ ಕೂತು ಬೆಳಕಿನ ಪಾಠ ತೆರೆದಳು.

ನಾಲ್ಕು ದಿನ ಸುಖವಾಗಿ ಕಳೆದವು, ಸತ್ಯವ್ವನೊಬ್ಬಳನ್ನು ಬಿಟ್ಟು. ಹುಡುಗಿಯರಿಬ್ಬರೂ ಬೆಳಗಿನ ಪಾಠಕ್ಕೆ ಹೋಗಿ ಮಧ್ಯಾಹ್ನ ಬಂದು, ಸಂಜೆ ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಗುರುಪಾದಯ್ಯನಿಗೆ ತಾನು ನಿಜಕ್ಕೂ ದೊಡ್ಡ ಮನಸ್ಸಿನವನೆಂಬ ನಂಬಿಕೆ ನಿಧಾನವಾಗಿ ಬರತೊಡಗಿತು. ಶುಕ್ರವಾರ ಸಿದ್ದಲಿಂಗೇಶ ಮಾಸ್ತರರ ಫೋನು ಬಂತು.

"ನಾಳೆ ಹನ್ನೊಂದಕ್ಕ ಬಬಲೇಶ್ವರ. ಮರ್ತಿಲ್ಲಲಾ?"

"ಎಲ್ಲಿ ಮರಿತೀನ್ರಿ," ಎಂದ ಗುರುಪಾದಯ್ಯ, ಏನೆಂದು ತಿಳಿಯದೆ.

"ಅಲ್ಲಿ ಪಾಲಕರಿಗೆ ಈ ಬಳಗದ ಮ್ಯಾಲೆ ನಂಬಿಗಿಲ್ಲ. ಫೋನ್ಯಾಗ ಸಾಲಿ ನಡಿತೈತೇನು ಅಂತಾರ. ನಮ್ಮ ಪೈಕಿ ಒಬ್ಬ ಪಾಲಕ ಬಂದು ಹೆಂಗ ಓದಬೇಕು, ಹೆಂಗ ಉತ್ತರಾ ಕೊಡಬೇಕು ಅಂತ ತೋರಸ್ಬೇಕು ಅಂತ ಬಳಗದಾಗ ಕೇಳಿದ್ರ ನೀವೊಬ್ಬರಽ ಒತ್ತಿದ್ರಿ. ಇಲಾಖೆಯಿಂದ ಸಾಹೇಬರೂ ಬರ್ತಾರ. ಚೊಲೋ ಅಂಗಿ ಹಾಕ್ಕೊಂಡ ಬರ್ರಿ."

ಗುರುಪಾದಯ್ಯ ಚಲೋ ಅಂಗಿ ಹಾಕಿಕೊಂಡ, ಮೀಸೆಗೆ ಅವಧಿಗಿಂತ ಮೊದಲೇ ಕಪ್ಪು ಹಚ್ಚಿದ. ಮುನಾಫನ ಟೆಂಪೋದಲ್ಲಿ ಹೆಂಡತಿ, ಮಗಳು, ವಿಶಾಖಾ, ಅತೀಕ ಎಲ್ಲರೂ ಹೊರಟರು. ದಾರಿಯುದ್ದಕ್ಕೂ ಗುರುಪಾದಯ್ಯ ಮೈಲುಗಲ್ಲುಗಳನ್ನು ಓದುತ್ತಾ ಧೈರ್ಯ ತಂದುಕೊಂಡ.

ಬಬಲೇಶ್ವರದ ಶಾಲೆಯ ಸಭಾಂಗಣ ತುಂಬಿತ್ತು. ಗಂಡಸರು ಬಲಕ್ಕೆ, ಹೆಣ್ಣುಮಕ್ಕಳು ಎಡಕ್ಕೆ, ಮಕ್ಕಳು ಮುಂದೆ ನೆಲದ ಮೇಲೆ. ಕಳ್ಳಕವಟಗಿಯಿಂದ ಪರಸವ್ವನೂ ಬಂದಿದ್ದಳು. ತನ್ನ ಪರಿಚಯದ ದೊಡ್ಡ ಮನುಷ್ಯ ಭಾಷಣ ಮಾಡುತ್ತಾನೆಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಸುಮಂಗಲಾ ಟೀಚರು ಗುರುಪಾದಯ್ಯನ ಫೋನಿಗೆ ಒಂದು ತಂತಿ ಚುಚ್ಚಿದರು. ಫೋನಿನಲ್ಲಿ ಇದ್ದದ್ದೆಲ್ಲ ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ಮೂಡಿತು. ಫೋನನ್ನು ಅವನ ಕೈಗೆ ಕೊಟ್ಟು, "ಈಗ ನಾ ಒಂದು ಸಂದೇಶ ಕಳಸ್ತೇನ್ರಿ. ನೀವು ಓದಿ ಎಲ್ಲಾರಿಗೂ ಹೇಳ್ರಿ," ಎಂದರು.

ಟಿಣ್ ಎಂದಿತು. "ಸೋಮವಾರ ಶಾಲೆಗೆ ರಜೆ ಇರುವುದಿಲ್ಲ. ಎಲ್ಲ ಮಕ್ಕಳೂ ತಪ್ಪದೆ ಬರಬೇಕು" ಎಂಬ ಸಂದೇಶ ಗೋಡೆಯ ಮೇಲೆ ಬಂತು.

ಗುರುಪಾದಯ್ಯ ಕೈಯಲ್ಲಿದ್ದ ಫೋನನ್ನು ನೋಡಿದ. ತೋಳು ಇದ್ದಷ್ಟು ಉದ್ದ ಚಾಚಿದ. ತೋಳು ಸಾಲಲಿಲ್ಲ. ಮಬ್ಬಿನೊಳಗಿಂದ "ಸೋಮವಾರ" ಎಂಬುದು ಎದ್ದಂತಾಯಿತು, ಆಮೇಲೆ "ರಜೆ" ಎಂಬುದು. ಅಷ್ಟು ಸಿಕ್ಕರೆ ಉಳಿದದ್ದನ್ನು ಯಾವ ಪಾಲಕನೂ ಊಹಿಸಬಲ್ಲ.

"ಸೋಮವಾರ ಸಾಲಿ ರಜಾ ಐತಿ!" ಎಂದು ಘೋಷಿಸಿದ. "ಮಕ್ಕಳ್ಯಾರೂ ಬರಬ್ಯಾಡ್ರಿ!"

ಮುಂದೆ ಕೂತಿದ್ದ ನೂರೈವತ್ತು ಮಕ್ಕಳು "ಹೋ!" ಎಂದು ಎದ್ದುನಿಂತವು. ಸಭಾಂಗಣದ ತಗಡು ನಡುಗಿತು. ಇಲಾಖೆಯ ಸಾಹೇಬರು ಕಿಸೆಯಿಂದ ಪುಸ್ತಕ ತೆಗೆದು, "ಸೋಮವಾರ ರಜಾ ಯಾರು ಮಂಜೂರು ಮಾಡಿದ್ರಿ?" ಎಂದು ಸಿದ್ದಲಿಂಗೇಶ ಮಾಸ್ತರರ ಕಡೆ ತಿರುಗಿದರು. ಮಾಸ್ತರರು ಟೇಬಲ್ಲು ಬಡಿದು, "ಕುಂದರ್ರಿ! ರಜಾ ಇಲ್ಲ! ರಜಾ ಇಲ್ಲ!" ಎಂದು ಕೂಗಿದರು. ಅವರ ಕೂಗು ಮಕ್ಕಳ ಕೂಗಿನಲ್ಲಿ ಮುಳುಗಿತು.

"ಅಪ್ಪಾ," ಎಂದಳು ಸೌಭಾಗ್ಯ ಮುಖ ಮುಚ್ಚಿಕೊಂಡು, "ಹಿಂದ ಹೊಳ್ಳಿ ನೋಡು."

ಗುರುಪಾದಯ್ಯ ಹೊರಳಿ ನೋಡಿದ. ಗೋಡೆ ಹನ್ನೆರಡು ಅಡಿ ದೂರದಲ್ಲಿತ್ತು. ಅಕ್ಷರಗಳು ಲಾರಿಯ ಬೆನ್ನಿನವುಗಳಿಗಿಂತ ದೊಡ್ಡವಿದ್ದವು. ನಾಲ್ಕು ತಿಂಗಳಲ್ಲಿ ಮೊದಲ ಸಲ ಆತ ಬಳಗದ ಸಂದೇಶವೊಂದನ್ನು ಓದಿದ. ಬೆವೆತ ಹೆಬ್ಬೆರಳು ಫೋನಿನ ಮೇಲೆ ಜಾರಿತು. ಗೋಡೆಯ ಮೇಲಿನ ಸಂದೇಶಗಳು ಸರಸರ ಹಿಂದಕ್ಕೆ ಓಡಿದವು. ನಿಂತ ಕಡೆಯಲ್ಲೆಲ್ಲ ಗುರುಪಾದಯ್ಯನ ಹೆಸರು, ಹೆಸರಿನ ಪಕ್ಕ ಹೆಬ್ಬೆಟ್ಟು.

"ಟಿಕೋಟಾ ಶಾಲೆಗೆ ಹಿತ್ತಾಳೆಯ ಗಂಟೆ ಯಾರು ಕೊಡಿಸುವಿರಿ?" ಗುರುಪಾದಯ್ಯ.

ಗಂಡಸರ ಸಾಲಿನಿಂದ ಟಿಕೋಟಾದ ಒಬ್ಬರು ಎದ್ದರು. "ಗಂಟಿ ಎಲ್ಲಿ ಬಂದೈತ್ರಿ? ಆಗಸ್ಟಿನಿಂದ ಹಾದಿ ನೋಡಾಕತ್ತೇವಿ. ಇನ್ನೂ ತಾಟು ಬಾರಿಸಾಕತ್ತೇವಿ!"

"ಗೋಳಗುಮ್ಮಟದ ಪ್ರವಾಸದಲ್ಲಿ ಎಂಬತ್ತು ಮಕ್ಕಳ ಜವಾಬ್ದಾರಿ ಯಾರು ಹೊರುವಿರಿ?" ಗುರುಪಾದಯ್ಯ.

"ಹೆಣ್ಣುಮಕ್ಕಳ ಖೋಖೋ ಪಂದ್ಯಕ್ಕೆ ನಿರ್ಣಾಯಕರು ಬೇಕಾಗಿದ್ದಾರೆ." ಗುರುಪಾದಯ್ಯ.

"ನನ್ನ ಎಮ್ಮೆ ಕಳೆದಿದೆ, ಕಂಡವರು ತಿಳಿಸಿ." ಗುರುಪಾದಯ್ಯ.

"ಏ, ಇವನಽ ಅಂವ!" ಎಂದು ಎಮ್ಮೆಯ ಒಡೆಯ ಎದ್ದುನಿಂತ. "ಕಂಡೈತಿ ಅಂತ ಒತ್ತಿದ್ರಿ, ಮೂರು ದಿನ ಸೊಲ್ಲಾಪುರ ರೋಡಿಗೆ ಅಡ್ಡಾಡೀನಿ!"

ಮುನಾಫ ಹಿಂದಿನ ಸಾಲಿನಲ್ಲಿ ಟೋಪಿಯೊಳಗೆ ಮುಖವಿಟ್ಟು ನಗುತ್ತಿದ್ದ. ಗುರುಪಾದಯ್ಯನಿಗೆ ಇನ್ನು ಧೂಳಿನ ಮಾತು ನಡೆಯುವುದಿಲ್ಲವೆಂದು ತಿಳಿಯಿತು. ಮೈಕನ್ನು ಎರಡೂ ಕೈಯಿಂದ ಹಿಡಿದ.

"ನನಗ ಹತ್ತಿರದ್ದು ಕಾಣಂಗಿಲ್ರಿ," ಎಂದ. "ಎರಡು ವರ್ಷ ಆತು. ಕನ್ನಡಕಾ ಹಾಕ್ಕೊಂಡ್ರ ಮುದುಕ ಅಂತೀರಿ ಅಂತ ಹಾಕ್ಕೊಂಡಿಲ್ಲ. ಇವತ್ತಿನ ತನಕ ಒಂದಽ ಒಂದು ಸಂದೇಶ ಓದಿಲ್ಲ. ಎಲ್ಲಾ ಸುಮ್ಮನ ಒತ್ತೇನಿ."

ಸಭೆ ನಕ್ಕಿತು. ಸಾಹೇಬರೂ ನಕ್ಕರು. ನಗು ಇಳಿದಾಗ ಎಡಗಡೆಯ ಸಾಲಿನಲ್ಲಿ ಪರಸವ್ವ ನಿಂತಿದ್ದಳು. ಅವಳು ನಗುತ್ತಿರಲಿಲ್ಲ.

"ಎಲ್ಲಾ ಸುಮ್ಮನ ಒತ್ತಿದ್ರ, ನಮ್ಮ ಹುಡುಗೀನ ಮನಿಗೆ ಕರದಿದ್ದೂ ಸುಮ್ಮನ ಒತ್ತಿದ್ದೇನು ಯಪ್ಪಾ?"

ಗೋಡೆಯ ಮೇಲೆ ಈಗ ಅದೇ ಸಂದೇಶ ಬಂದು ನಿಂತಿತ್ತು. ಕಳ್ಳಕವಟಗಿಯ ವಿದ್ಯಾರ್ಥಿನಿಗೆ ನಗರದಲ್ಲಿ ಹತ್ತು ದಿನ ಯಾರಾದರೂ ಜಾಗ ಕೊಡುವಿರಾ ಎಂಬ ಸಂದೇಶ, ಅದರ ಕೆಳಗೆ ನಾಲ್ಕುನೂರ ಹನ್ನೆರಡು ಜನರಲ್ಲಿ ಒಂದೇ ಒಂದು ಹೆಬ್ಬೆಟ್ಟು. ಈಗಲಾದರೂ ಓದಿ ಒತ್ತುತ್ತೇನೆಂದು ಗುರುಪಾದಯ್ಯ ಬಹಳ ಶ್ರದ್ಧೆಯಿಂದ ಆ ಹೆಬ್ಬೆಟ್ಟಿನ ಮೇಲೆ ಇನ್ನೊಮ್ಮೆ ಒತ್ತಿದ.

ಒಮ್ಮೆ ಒತ್ತಿದ್ದನ್ನು ಮತ್ತೊಮ್ಮೆ ಒತ್ತಿದರೆ ಅಳಿಸಿಹೋಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಇಡೀ ಸಭೆಯ ಕಣ್ಣೆದುರು ಗೋಡೆಯ ಮೇಲಿದ್ದ ಹೆಬ್ಬೆಟ್ಟು ಮಾಯವಾಯಿತು.

"ತಗದ!" ಎಂದರು ಯಾರೋ. "ತಗದಽ ಬಿಟ್ಟ!" ಎಂದರು ಇನ್ನೂ ನಾಲ್ಕು ಜನ.

"ಇಲ್ರೀ! ತಗದಿಲ್ಲ!" ಎಂದು ಗುರುಪಾದಯ್ಯ ಗಡಬಡಿಸಿ ಮತ್ತೆ ಒತ್ತಿದ. ಗೋಡೆಯ ಮೇಲೆ ಹಲ್ಲು ಕಿಸಿದು ನಗುವ ಮುಖ ಬಂತು. ಅದನ್ನು ಅಳಿಸಹೋದರೆ ಗಳಗಳ ಅಳುವ ಮುಖ ಬಂತು.

"ಸಾಕು ಬಿಡು ಯಪ್ಪಾ," ಎಂದಳು ಪರಸವ್ವ. "ವಿಶಾಖಾ, ಏಳು. ಟ್ರಂಕ ತುಂಬಕೊಂಡು ಊರಿಗೆ ನಡಿ."

ವಿಶಾಖಾ ಎದ್ದಳು, ಆದರೆ ಬಾಗಿಲ ಕಡೆ ಹೋಗಲಿಲ್ಲ. "ಆಯೀ, ನನಗ ಇನ್ನ ಐದ ದಿನ ಬೇಕು. ಅರ್ಧಾ ಪಾಠ ಉಳದಾವು," ಎಂದಳು.

"ಕರೀಲಾರದವರ ಮನ್ಯಾಗ ಹೆಂಗ ಇರ್ತಿ?"

"ಕರದಿದ್ದು ನಾನು," ಎಂಬ ದನಿ ಹೆಣ್ಣುಮಕ್ಕಳ ಸಾಲಿನ ಇನ್ನೊಂದು ತುದಿಯಿಂದ ಬಂತು. ಅಕ್ಕನಾಗಮ್ಮ ಎದ್ದುನಿಂತಿದ್ದಳು. ನಾಲ್ಕು ಜನರೆದುರು ಮಾತಾಡಿ ರೂಢಿಯಿಲ್ಲದ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ನಾನೂ ಆ ಬಳಗದಾಗ ಅದೇನ್ರಿ. ನನಗ ಹತ್ತಿರದ್ದು ಕಾಣ್ತೈತಿ. ಟೀಚರು ಬರದಿದ್ದ ಓದೀನಿ, ಇವರು ಒತ್ತಿದ್ದ ನೋಡೀನಿ. ಇವರು ಓದಿರಂಗಿಲ್ಲ ಅಂತನೂ ಗೊತ್ತಿತ್ತು. ಬ್ಯಾಡ ಅನ್ನೂದಿದ್ರ ಅವತ್ತಽ ಇವರ ಕಡಿಂದ ತಗಸ್ತಿದ್ದೆ. ನಮ್ಮ ಮನಿಗೆ ಬರ್ಲಿ ಅಂತ ಬಿಟ್ಟೆ."

ಗುರುಪಾದಯ್ಯ ಹೆಂಡತಿಯನ್ನು ಆ ವೇದಿಕೆಯ ಮೇಲಿಂದ ಹೊಸಬಳನ್ನು ನೋಡಿದಂತೆ ನೋಡಿದ.

"ಮತ್ತ ಅವತ್ತ ಒಂದ ಮಾತ ಆಡಲಿಲ್ಲ ತಂಗೀ ನೀ?" ಎಂದಳು ಪರಸವ್ವ.

"ಇವರ ಮಾರಿ ಹೆಂಗಾಗ್ತೈತಿ ಅಂತ ನೋಡಾಕತ್ತಿದ್ದೆ," ಎಂದಳು ಅಕ್ಕನಾಗಮ್ಮ.

ಮೊದಲು ನಕ್ಕವಳು ವಿಶಾಖಾ. ಆಮೇಲೆ ಇಡೀ ಹೆಣ್ಣುಮಕ್ಕಳ ಸಾಲು. ಪರಸವ್ವ ಮಾತ್ರ ಪಟ್ಟು ಬಿಡದೆ ವೇದಿಕೆಯ ಕಡೆ ಬೆರಳು ತೋರಿಸಿದಳು. "ಯಜಮಾನ್ರೂ ಹೇಳ್ಲಿ. ಬೆರಳಲೆ ಬ್ಯಾಡ, ಬಾಯಿಲೆ."

ಗುರುಪಾದಯ್ಯ ಫೋನನ್ನು ಕಿಸೆಗಿಟ್ಟು, ಮೈಕು ಕೆಳಗಿಟ್ಟು, ವೇದಿಕೆಯಿಂದ ಇಳಿದು ಅವಳೆದುರು ಹೋಗಿ ನಿಂತ. "ಇರ್ಲಿ ಪರಸವ್ವಾ. ಐದಲ್ಲ, ಎಷ್ಟು ದಿನ ಬೇಕೋ ಅಷ್ಟು ದಿನ. ನನಗ ಓದಾಕ ಬಂದಿದ್ರೂ ಒತ್ತತಿದ್ದೆ ಅಂತ ಹೇಳಿದ್ರ ಸುಳ್ಳಾಗ್ತೈತಿ, ಹೆದರಿ ಬಿಡ್ತಿದ್ದೆ. ಈಗ ಮಾತ್ರ ನೋಡೇ ಹೇಳಾಕತ್ತೇನಿ."

ಪರಸವ್ವ ಅವನ ಮುಖವನ್ನು ಹತ್ತಿರದಿಂದ ಪರೀಕ್ಷಿಸಿದಳು. "ಹಂಗಾರ ನಾನೂ ಇವತ್ತ ನಿಮ್ಮ ಮನಿಗೆ ಬರ್ತೇನಿ. ಇದ್ದದ್ದ ಕಣ್ಣಾರೆ ನೋಡಿ ಹೋಗ್ತೇನಿ," ಎಂದಳು.

ಆಗ ಗಂಡಸರ ಸಾಲಿನಲ್ಲಿ ಒಬ್ಬ ಮುದುಕ ಕೈ ಎತ್ತಿ ತನಗೂ ಓದಲು ಬರುವುದಿಲ್ಲ, ಮೊಮ್ಮಗ ಒತ್ತು ಎಂದಾಗ ಒತ್ತುತ್ತಿದ್ದೆ ಎಂದ. ಇನ್ನೊಬ್ಬಳು ತನ್ನ ಫೋನು ಎರಡು ತಿಂಗಳಿನಿಂದ ಮಗನ ಹತ್ತಿರವೇ ಇದೆ, ಹಾಗಾದರೆ ತನ್ನ ಹೆಬ್ಬೆಟ್ಟು ಯಾರು ಒತ್ತುತ್ತಿದ್ದಾರೆ ಎಂದು ಕೇಳಿದಳು. ಮಗ ಮುಂದಿನ ಸಾಲಿನಲ್ಲಿ ತಲೆ ಬಗ್ಗಿಸಿದ. ಸುಮಂಗಲಾ ಟೀಚರು ತಮ್ಮ ವಹಿಯಲ್ಲಿ ಒಂದೊಂದನ್ನೂ ಬರೆದುಕೊಳ್ಳುತ್ತಾ ಹೋದರು. ಅಲ್ಲೇ ನಿಂತು, ಇನ್ನು ಮುಂದೆ ಬರೆದ ಪ್ರತಿ ಸಂದೇಶವನ್ನು ತಾವೇ ಬಾಯಿಬಿಟ್ಟು ಓದಿ ಕಳಿಸುವುದಾಗಿಯೂ, ಉತ್ತರವನ್ನೂ ಮಾತಿನಲ್ಲೇ ಕಳಿಸಬೇಕೆಂದೂ ಹೇಳಿದರು. ಟೆಂಪೋ ವಿಜಯಪುರ ಮುಟ್ಟುವಷ್ಟರಲ್ಲಿ ಬಳಗದಲ್ಲಿ ಅರವತ್ತಮೂರು ಪ್ರಶ್ನೆಗಳು ಬಂದಿದ್ದವು. ಹೆಚ್ಚಿನವು ಸೋಮವಾರ ರಜೆ ಇದೆಯೋ ಇಲ್ಲವೋ ಎಂಬ ಬಗ್ಗೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ಸತ್ಯವ್ವ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಐದು ದಿನದ ಬಾಳೆಹಣ್ಣು ಅವಳ ದನಿಯನ್ನೂ ಮೆತ್ತಗೆ ಮಾಡಿತ್ತು.

"ಯಾಕ ಅಕ್ಕಾ, ಹಿಂಗ್ಯಾಕ ಸೊರಗೀದಿ?" ಎಂದು ಪರಸವ್ವ ಅವಳ ಎದುರು ಕೂತಳು.

"ವ್ರತ."

"ಯಾವ ದೇವರದು?"

ಸತ್ಯವ್ವ ಬಾಳೆಹಣ್ಣಿನ ಸಿಪ್ಪೆಯನ್ನು ಮಂಚದ ಕೆಳಗೆ ಸರಿಸಿದಳು. ಮನೆಯವರೆಲ್ಲ ಬೇರೆ ಬೇರೆ ಕಡೆ ನೋಡುತ್ತಾ ನಿಂತರು. ಪರಸವ್ವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಹುಡುಗಿಯನ್ನು ಇಲ್ಲಿ ಬಿಟ್ಟು ಎಷ್ಟು ದಿನವಾಯಿತೆಂದು ಬೆರಳ ಮೇಲೆ ಎಣಿಸಿದಳು, ಮೊಮ್ಮಗಳ ಕಡೆ ಒಮ್ಮೆ ನೋಡಿದಳು, ಎದ್ದಳು.

"ತಂಗೀ, ಹಿಟ್ಟು ಎಲ್ಲಿ ಐತಿ?" ಎಂದಳು ಅಕ್ಕನಾಗಮ್ಮನಿಗೆ. "ನೀ ಬ್ಯಾಳಿಗೆ ಒಗ್ಗರಣಿ ಹಾಕು. ಇವತ್ತ ರೊಟ್ಟಿ ನಾ ಬಡೀತೇನಿ."

ಒಳಗಿನಿಂದ ಹಿಟ್ಟು ನಾದುವ ಕೊಣಮಿಗೆಯ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಬರತೊಡಗಿತು. ಹಂಚಿನ ಮೇಲೆ ಜೋಳ ಸುಡುವ ವಾಸನೆ ಪಡಸಾಲೆಗೆ ಬಂತು. ಸತ್ಯವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಕಿವಿಯನ್ನು ತಿರುಗಿಸಲಾಗಲಿಲ್ಲ.

"ದಪ್ಪ ಆಗಾಕತ್ತಾವು," ಎಂದಳು ಸ್ವಲ್ಪ ಹೊತ್ತಿಗೆ.

"ಏನಂದಿ ಅಕ್ಕಾ?" ಎಂದಳು ಪರಸವ್ವ ಒಳಗಿನಿಂದ.

"ರೊಟ್ಟಿ ದಪ್ಪ ಆಗಾಕತ್ತಾವು. ಸಪ್ಪಳದ ಮ್ಯಾಲೆ ಗೊತ್ತಾಗ್ತೈತಿ."

"ಐವತ್ತು ವರ್ಷ ಬಡದೀನಿ. ನನ್ನ ರೊಟ್ಟಿ ದಪ್ಪ ಅಂತ ಯಾರೂ ಅಂದಿಲ್ಲ."

"ಅವರ‍್ಯಾರಿಗೂ ಗೊತ್ತಿಲ್ಲ."

ಸತ್ಯವ್ವ ಮಂಚದಿಂದ ಇಳಿದಳು. ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಸತ್ಯವ್ವ ಒಳಗೆ ಹೋಗಿ ಒಲೆಯ ಪಕ್ಕ ಕೂತು, ತಾಟಿಗೆ ಕೈ ಚಾಚಿದಳು.

ಒಂದು ರೊಟ್ಟಿ ಬೇಳೆಯ ಜೊತೆ ಹೋಯಿತು. ಎರಡನೆಯದು ಶೇಂಗಾ ಹಿಂಡಿ ಚಟ್ನಿಯ ಜೊತೆ ಹೋಯಿತು. ಪರಸವ್ವ ಸೊಂಟದ ಮೇಲೆ ಹಿಟ್ಟಿನ ಕೈ ಇಟ್ಟುಕೊಂಡು ಕಾಯ್ದಳು.

"ಈಗ ಹೇಳು ಅಕ್ಕಾ. ದಪ್ಪ ಅದಾವೇನು?"

ಸತ್ಯವ್ವ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದಳು.

"ಎರಡರ ಮ್ಯಾಲೆ ಹೆಂಗ ಹೇಳಾಕ ಬರ್ತೈತಿ?" ಎಂದಳು. "ಇನ್ನೊಂದ ಹಾಕು."